ಎರಡು ತಿಂಗಳ ಅಕ್ಕ

ಏಪ್ರಿಲ್ ಹತ್ತರ ಹೊತ್ತಿಗೆ ಸರ್ಕಾರಿ ಶಾಲೆಗಳಲ್ಲಿ ಫಲಿತಾಂಶ ಓದಿ ಹೇಳಿ ಬೀಗ ಹಾಕಿದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ನಡುವಿನ ಏಳು ವಾರ ಕೆಲವರ ಮನೆಯಲ್ಲಿ ಅಜ್ಜಿ ಊರು, ಈಜು, ಮಾವಿನಹಣ್ಣು, ಸಾವಿರಾರು ರೂಪಾಯಿ ಶುಲ್ಕದ ಬೇಸಿಗೆ ಶಿಬಿರ. ತುಮಕೂರಿನ ಬೀಡಿ ಕಟ್ಟುವ ಓಣಿಗಳಲ್ಲಿ, ಕುಣಿಗಲ್ ಕಡೆಯ ಇಟ್ಟಿಗೆ ಗೂಡುಗಳ ಪಕ್ಕದ ಶೆಡ್ಡುಗಳಲ್ಲಿ, ಗುಬ್ಬಿ ಆಸುಪಾಸಿನ ಕಟ್ಟಡ ಕೆಲಸದವರ ತಗಡಿನ ಮನೆಗಳಲ್ಲಿ ಅದೇ ಏಳು ವಾರದ ಲೆಕ್ಕ ಬೇರೆ. ಬಿಸಿಯೂಟ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಅಪ್ಪ ಅಮ್ಮ ಕೂಲಿಗೆ ಹೊರಟ ಮೇಲೆ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವವಳು ಐದನೇ ಕ್ಲಾಸಿನ ಹುಡುಗಿ. ಎಸ್ಸೆಸ್ಸೆಲ್ಸಿ ಬರೆದ ಹುಡುಗಿಯ ಮನೆಯಲ್ಲಿ ಗಂಡಿನ ಕಡೆಯವರ ಮಾತು ಶುರುವಾಗುವುದೂ ಆಗಲೇ. ಅಕ್ಷಯ ತೃತೀಯದ ಮುಹೂರ್ತ ಎದುರಿಗೇ ಇರುತ್ತದಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. 2023ರ ಬರದ ನಂತರ, 2024ರ ಬೇಸಿಗೆ ರಜೆಯಲ್ಲಿ ರಾಜ್ಯದ 223 ಬರಪೀಡಿತ ತಾಲ್ಲೂಕುಗಳಲ್ಲಿ 41 ದಿನ ಬಿಸಿಯೂಟ ಕೊಡಲು ಆದೇಶ ಹೊರಟಿತು. ಶಾಲೆಗೆ ರಜೆ ಬಂದರೂ ಹಸಿವಿಗೆ ರಜೆ ಇಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಬರ ಇಲ್ಲದ ವರ್ಷವೂ ಈ ಮಕ್ಕಳ ಮಧ್ಯಾಹ್ನ ಹೀಗೇ ಇರುತ್ತದೆ. ಆ ವರ್ಷ ಆದೇಶ ಇರುವುದಿಲ್ಲ, ಅಷ್ಟೇ.

ಈ ಹೊತ್ತಿಗೆ ಸರಿಯಾಗಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಬಸ್ಸಿಳಿಯುವ ಇನ್ನೊಂದು ಗುಂಪಿದೆ. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನವರು. ಕೆಲವರು ಸಮಾಜಕಾರ್ಯ ಓದುತ್ತಿರುವವರು. ಅವರ ಭಾಷೆಯಲ್ಲಿ ಇದಕ್ಕೆ ‘ಬ್ಲಾಕ್ ಪ್ಲೇಸ್‌ಮೆಂಟ್’. ಕೆಲವರು ದೈವಶಾಸ್ತ್ರದ ವಿದ್ಯಾರ್ಥಿಗಳು. ಮುಂದೆ ಸಭಾಪಾಲಕರಾಗುವ ಮುನ್ನ ಯಾವುದಾದರೂ ಸಭೆಯಲ್ಲಿ ಬೇಸಿಗೆ ಕಳೆದು ಬನ್ನಿ ಎಂದು ಕಾಲೇಜು ಕಳಿಸಿರುತ್ತದೆ. ಇನ್ನು ಕೆಲವರು ಬೆಂಗಳೂರಿನ ಚರ್ಚುಗಳ ಯುವಜನ ಕೂಟದವರು, ತಾವಾಗಿ ಹೆಸರು ಕೊಟ್ಟು ಬಂದವರು. ರಾಜ್ಯದಲ್ಲಿ ಇದಕ್ಕೆ ಹಳೆಯ ನೆಲೆಗಳೇ ಇವೆ. ಸಂನ್ಯಾಸಿನಿಯರು 1960ರಲ್ಲಿ ಕಟ್ಟಿದ ಮಂಗಳೂರಿನ ರೋಶನಿ ನಿಲಯ, 1910ರಿಂದ ನಡೆಯುತ್ತಿರುವ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, 1965ರಲ್ಲಿ ಬಲ್ಮಠದಲ್ಲಿ ಆರಂಭವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಓದಿನ ಜೊತೆ ಬೀದಿಗಿಳಿದು ಕಲಿಯಬೇಕು ಎನ್ನುವುದು ಇಂಥ ಕಡೆ ಪಠ್ಯದ್ದೇ ಭಾಗ. ಈಚೆಗೆ ಅನೇಕ ಡಿಗ್ರಿಗಳಿಗೆ ಇಂಟರ್ನ್‌ಶಿಪ್ ಅಂಟಿಕೊಂಡ ಮೇಲೆ ಬರುವವರ ಸಂಖ್ಯೆಯೂ ಹೆಚ್ಚಿದೆ, ಸರ್ಟಿಫಿಕೇಟಿನ ಮೇಲಿನ ಕಣ್ಣೂ ದೊಡ್ಡದಾಗಿದೆ.

ಓಣಿಯ ಮಕ್ಕಳಿಗೆ ಈ ವಿವರ ಯಾವುದೂ ಬೇಡ. ಬಂದವರು ಅಕ್ಕ, ಇಲ್ಲವೇ ಅಣ್ಣ. ಮೊದಲ ದಿನ ದೂರ ನಿಂತು ನೋಡುವ ಮಕ್ಕಳು ಮೂರನೆಯ ದಿನಕ್ಕೆ ಜಡೆ ಹಿಡಿದು ಎಳೆಯುವಷ್ಟು ಸಲಿಗೆಯವರಾಗಿರುತ್ತಾರೆ.

ಬಂದವರ ಮೊದಲ ಹತ್ತು ದಿನ ಸಾಮಾನ್ಯವಾಗಿ ವಿಬಿಎಸ್‌ಗೆ ಹೋಗುತ್ತದೆ. ರಜಾಕಾಲದ ಬೈಬಲ್ ಶಾಲೆ. ಬೆಳಿಗ್ಗೆ ಒಂಬತ್ತಕ್ಕೆ ಶುರು. ಅಭಿನಯದ ಹಾಡು, ಕಥೆ, ಬಣ್ಣದ ಕಾಗದ ಕತ್ತರಿಸುವುದು, ಮಧ್ಯೆ ಒಂದು ಬನ್ನು ಇಲ್ಲವೇ ಬಿಸ್ಕತ್ತು, ಕೊನೆಯ ದಿನ ಹೆತ್ತವರ ಮುಂದೆ ಪುಟ್ಟ ನಾಟಕ. ಗುಬ್ಬಿಯಂಥ ಊರಲ್ಲಿ ಮಕ್ಕಳ ನಾಟಕ ಆಡಿಸುವವರು ಸ್ವಲ್ಪ ಹೆದರಿಯೇ ಆಡಿಸಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಊರು ಅದು. ಪರದೆ ಯಾವಾಗ ಏಳಬೇಕು, ಯಾವಾಗ ಬೀಳಬೇಕು ಎಂಬುದು ನೋಡುವವರಿಗೆ ಚೆನ್ನಾಗಿ ಗೊತ್ತು. ವಿಬಿಎಸ್‌ನ ಬೇರೂ ಒಂದು ಬೀದಿಯಲ್ಲೇ ಇದೆ. 1898ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಎಲೈಜಾ ಹಾಸ್ ಎಂಬ ಹೆಂಗಸು, ವಲಸೆಗಾರರ ಕೇರಿಯ ಮಕ್ಕಳು ರಜೆಯಲ್ಲಿ ಬೀದಿ ಪಾಲಾಗುವುದನ್ನು ನೋಡಲಾರದೆ, ಬಿಯರ್ ಅಂಗಡಿಯೊಂದರ ಹಜಾರವನ್ನೇ ಬಾಡಿಗೆಗೆ ಹಿಡಿದು ಪಾಠ ಆರಂಭಿಸಿದಳು. ಕೂಲಿಗೆ ಹೋದ ಅಪ್ಪ ಅಮ್ಮ, ಬೀದಿಯಲ್ಲಿ ಮಕ್ಕಳು, ತಲೆಯ ಮೇಲೆ ಬಿಸಿಲು. ಕೇರಿಯ ಹೆಸರು ಬದಲಾಯಿಸಿದರೆ ಇವತ್ತಿನ ವರದಿಯಾಗುತ್ತದೆ.

ಈ ಸೀಮೆಗೆ ಹೀಗೆ ಬಂದ ಹಳಬರಲ್ಲೊಬ್ಬ ವಿಲಿಯಂ ಆರ್ಥರ್. ಐರ್ಲೆಂಡಿನವನು, ಹುಟ್ಟಿದ್ದು 1819ರಲ್ಲಿ. ವೆಸ್ಲಿಯನ್ ಮಿಷನ್ 1839ರಲ್ಲಿ ಅವನನ್ನು ಹಡಗು ಹತ್ತಿಸಿದಾಗ ಇಪ್ಪತ್ತರ ಹುಡುಗ. ಬಂದು ತಲುಪಿದ್ದು ಗುಬ್ಬಿಗೆ. ಅಲ್ಲಿ ಥಾಮಸ್ ಹಾಡ್ಸನ್ ಆಗಲೇ ಕೆಲಸ ಆರಂಭಿಸಿದ್ದ. ಆರ್ಥರ್ ಕನ್ನಡ ಕಲಿತ, ಸಂತೆಯಲ್ಲಿ ನಿಂತು ಮಾತಾಡಿದ, ಊರೂರು ಸುತ್ತಿದ. ಅಷ್ಟರಲ್ಲಿ ಆರೋಗ್ಯ ಕೆಟ್ಟಿತು. 1841ಕ್ಕೆಲ್ಲ ಅವನು ವಾಪಸು. ಆಮೇಲೆ ಅವನು ಕಟ್ಟಿಕೊಂಡ ಬದುಕು ಸಣ್ಣದಲ್ಲ. ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ದಪ್ಪ ಪುಸ್ತಕ ಮಾಡಿದ, ಮಿಷನ್ ಸೊಸೈಟಿಯ ಕಾರ್ಯದರ್ಶಿಯಾದ, 1866ರಲ್ಲಿ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷನೂ ಆದ. ಎರಡು ವರ್ಷದ ಗುಬ್ಬಿ ಅವನಿಗೆ ಜೀವನಪೂರ್ತಿ ಮಾತಾಡುವಷ್ಟು ಸರಕು ಕೊಟ್ಟಿತು. ಗುಬ್ಬಿಗೆ ಅವನು ಏನು ಕೊಟ್ಟ ಎಂಬ ಪ್ರಶ್ನೆಗೆ ಉತ್ತರ ಅಷ್ಟು ದಪ್ಪವಿಲ್ಲ. ಹಾಡ್ಸನ್ ಕಥೆ ಬೇರೆ. ಅವನು ದಶಕಗಟ್ಟಲೆ ಇಲ್ಲೇ ಉಳಿದ. 1859ರಲ್ಲಿ ಅವನು ಪ್ರಕಟಿಸಿದ ಕನ್ನಡ ವ್ಯಾಕರಣ ಹೊಸದಾಗಿ ಬಂದವರಿಗೆ ನುಡಿ ಕಲಿಸುವ ಪಾಠವಾಯಿತು.

ಆರ್ಥರನನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಎರಡು ತಿಂಗಳಿಗೆ ಬರುವ ಇಂದಿನ ಹುಡುಗ ಹುಡುಗಿಯರಲ್ಲೂ ಇದೇ ಲೆಕ್ಕ ನಡೆಯುತ್ತದೆ. ಊರಿಗೆ ಬಂದವರು ಊರಿಂದ ಪಡೆದದ್ದೇ ಹೆಚ್ಚು. ಬಡತನವನ್ನು ಹತ್ತಿರದಿಂದ ನೋಡಿದ ಮೇಲೆ ಮುಂದೆ ವೈದ್ಯರಾದರೂ, ಪಾದ್ರಿಯಾದರೂ, ಬ್ಯಾಂಕಿನ ಮ್ಯಾನೇಜರಾದರೂ ಆ ನೋಟ ಎಲ್ಲೋ ಕೆಲಸ ಮಾಡುತ್ತದೆ, ಒಪ್ಪೋಣ. ಆದರೆ ಇಟ್ಟಿಗೆ ಗೂಡಿನ ಮಗುವಿಗೆ ಅದರಿಂದ ಈ ಜೂನ್‌ನಲ್ಲಿ ಏನು ಸಿಕ್ಕಿತು? ಈ ಲೇಖನಕ್ಕೆ ಬೇಕಾದ ಪ್ರಶ್ನೆ ಅದೊಂದೇ.

ತುಮಕೂರಿಗೆ ಇದರ ಉತ್ತರ ಬಹಳ ಹಿಂದೆಯೇ ಕಷ್ಟದ ರೀತಿಯಲ್ಲಿ ಸಿಕ್ಕಿತ್ತು. 1876ರಿಂದ 78ರವರೆಗಿನ ಬರ, ಹಳಬರ ಬಾಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರ, ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಖಾನೆಸುಮಾರಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಏರಬೇಕಾದದ್ದು ಎಂಟು ಲಕ್ಷಕ್ಕೂ ಮಿಕ್ಕಿ ಇಳಿದಿತ್ತು. ಸತ್ತವರ ಹಿಂದೆ ಉಳಿದುಬಿಟ್ಟ ಮಕ್ಕಳಿದ್ದರು. ವೆಸ್ಲಿಯನ್ನರು ಗಂಡುಮಕ್ಕಳಿಗೆ ತುಮಕೂರಿನಲ್ಲೂ ಹೆಣ್ಣುಮಕ್ಕಳಿಗೆ ಹಾಸನದಲ್ಲೂ ಅನಾಥಾಲಯ ತೆರೆದರು. ಕೋಲಾರದಲ್ಲಿ ಮಿಸ್ ಆನ್ಸ್‌ಟಿ ಎಂಬಾಕೆ ಇಂಥದ್ದೇ ಕೆಲಸಕ್ಕೆ ಇಳಿದಳು. ಬರ ಹೋಯಿತು, ಮಳೆ ಬಂತು, ಆದರೆ ಮಕ್ಕಳನ್ನು ವಾಪಸು ಕಳಿಸಲು ಮನೆಗಳಿರಲಿಲ್ಲ. ಆರು ವರ್ಷದ ಹುಡುಗನನ್ನು ಇಂದು ಒಳಗೆ ಕರೆದುಕೊಂಡರೆ ಮುಂದಿನ ಹನ್ನೆರಡು ವರ್ಷ ಅವನ ಅನ್ನ ನಿಮ್ಮದು. ಅನ್ನದ ಜೊತೆ ಅಕ್ಷರ ಬೇಕು, ಅಕ್ಷರದ ಜೊತೆ ಕೈಗೊಂದು ಕಸುಬು ಬೇಕು. ಗಂಜಿ ಕೇಂದ್ರ ಮುಚ್ಚಿದ ಹಾಗೆ ಅನಾಥಾಲಯ ಮುಚ್ಚಲು ಬರುವುದಿಲ್ಲ.

ಆ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು ಎಂಬುದೂ ಇತಿಹಾಸ. ಅಲ್ಲಿಂದ ಇಲ್ಲಿಯವರೆಗೆ ಒಂದು ಅನುಮಾನ ಇಂಥ ಸೇವೆಯ ಬೆನ್ನಿಗೇ ನಡೆದು ಬಂದಿದೆ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆಯಲು ಹೊಸ ಸಚಿವ ಸಂಪುಟ ತೀರ್ಮಾನಿಸಿತು. ಕಾನೂನಿನ ಹಗ್ಗಜಗ್ಗಾಟ ಏನೇ ಇರಲಿ, ಓಣಿಯ ತಾಯಿ ಕೇಳುವ ಪ್ರಶ್ನೆ ಸರಳ. ‘ಪಾಠ ಹೇಳ್ಕೊಡೋಕೆ ಬಂದಿದ್ದೀಯೋ, ಪ್ರಾರ್ಥನೆ ಹೇಳ್ಕೊಡೋಕೆ ಬಂದಿದ್ದೀಯೋ ತಾಯಿ?’ ಕೇಳುವುದು ಅವಳ ಹಕ್ಕು. ತಮ್ಮ ಸಭೆಯ ಮಕ್ಕಳಿಗೆ ವಿಬಿಎಸ್ ನಡೆಸುವುದಕ್ಕೆ ಯಾರೂ ಬೇಡ ಅನ್ನಬೇಕಾಗಿಲ್ಲ. ಪರರ ಮಕ್ಕಳಿಗೆ ಅನ್ನ, ಅಕ್ಷರ ಕೊಡುವಾಗ ಅದರಲ್ಲಿ ಗಾಳ ಇರಬಾರದು. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ, ಹೆತ್ತವರಿಗೆ ಮೊದಲೇ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆದು ಮಾಡುವ ಕಡೆ ಜಗಳ ಆಗುವುದು ಅಪರೂಪ. ಎರಡನ್ನೂ ಕಲಸುವ ಕಡೆ ಇಂಟರ್ನ್‌ಗಳೇ ಮೊದಲು ಸಿಕ್ಕಿಹಾಕಿಕೊಳ್ಳುತ್ತಾರೆ, ಕಳಿಸಿದವರು ಅಲ್ಲ.

ಈ ಊರಲ್ಲಿ ಸೇವೆ ಮಾಡುತ್ತೇನೆ ಎಂದು ಬರುವವರಿಗೆ ಅಳತೆಗೋಲು ಪಕ್ಕದಲ್ಲೇ ಇದೆ. ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯಲ್ಲಿ 1917ರಲ್ಲೇ ಸಂಸ್ಕೃತ ಪಾಠಶಾಲೆ ಶುರುವಾಯಿತು. ಅಲ್ಲಿ ಇಂದಿಗೂ ಸಾವಿರಾರು ಮಕ್ಕಳು ಊಟ, ವಸತಿ, ಓದು ಮೂರನ್ನೂ ಉಚಿತವಾಗಿ ಪಡೆಯುತ್ತಾರೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಯಾವ ಜಾತಿ ಎಂದು ಕೇಳದೆ ಎಲೆ ಹಾಕಿದ್ದು ಈ ಜಿಲ್ಲೆಯ ಜನ ಕಣ್ಣಾರೆ ಕಂಡದ್ದು. ಮಠದ ಮಕ್ಕಳು ಬೆಳಿಗ್ಗೆ ಸಂಜೆ ಸಾಮೂಹಿಕ ಪ್ರಾರ್ಥನೆ ಮಾಡುತ್ತಾರೆ. ಅನ್ಯಧರ್ಮೀಯರ ಮಕ್ಕಳೂ ಅಲ್ಲಿ ಓದಿದ್ದಾರೆ. ಆದ್ದರಿಂದ ಧರ್ಮದ ನೆರಳಿನಲ್ಲಿ ಮಗು ಓದುವುದು ಇಲ್ಲಿನವರಿಗೆ ಹೊಸತಲ್ಲ. ದಾಸೋಹ ನಿನ್ನೆ ಇತ್ತು, ನಾಳೆಯೂ ಇರುತ್ತದೆ ಎಂಬ ಭರವಸೆ ಅವರಿಗೆ ಮುಖ್ಯ. ಎರಡು ತಿಂಗಳ ಅಕ್ಕ ಆ ಭರವಸೆ ಕೊಡಲಾರಳು.

ಉಳಿಯುವ ವ್ಯವಸ್ಥೆ ದೂರದ ದುಡ್ಡಿನ ಮೇಲೆ ನಿಂತರೂ ಅದೇ ಗತಿ. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಂಸ್ಥೆ ಸ್ಥಳೀಯ ಚರ್ಚುಗಳ ಮೂಲಕ ದೇಶದಲ್ಲಿ ಸುಮಾರು ಒಂದೂವರೆ ಲಕ್ಷ ಮಕ್ಕಳಿಗೆ ನೆರವಾಗುತ್ತಿತ್ತು. ಎಲ್ಲೋ ಇರುವ ದಾನಿ ತಿಂಗಳು ತಿಂಗಳು ಹಣ ಕಳಿಸುವುದು, ಇಲ್ಲಿಯ ಮಗು ಅವರಿಗೆ ಕಾಗದ ಬರೆಯುವುದು. ವಿದೇಶಿ ದೇಣಿಗೆಗೆ ಸರ್ಕಾರದ ಅನುಮತಿ ಸಿಗದೆ 2017ರ ಮಾರ್ಚ್‌ನಲ್ಲಿ ಅದು ಭಾರತದ ಕೆಲಸವನ್ನೇ ಮುಚ್ಚಿತು. ಅನುಮತಿ ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ದಿಲ್ಲಿಯಲ್ಲೂ ವಾಷಿಂಗ್ಟನ್ನಿನಲ್ಲೂ ನಡೆಯಿತು. ಸಂಜೆ ಟ್ಯೂಷನ್ನಿಗೆ ಬಂದ ಮಗು ಕಂಡದ್ದು ಬೀಗ.

ಹಾಗಾದರೆ ಏಳೆಂಟು ವಾರದಲ್ಲಿ ನಿಜಕ್ಕೂ ಮಾಡಿ ಮುಗಿಸಬಹುದಾದ ಕೆಲಸ ಇಲ್ಲವೇ? ಇದೆ, ಅದೂ ಬಹಳ ಇದೆ. ನೋಡಲು ಮಾತ್ರ ಚೆನ್ನಾಗಿರುವುದಿಲ್ಲ. ಫೋಟೊಗೆ ಒಗ್ಗದ ಕೆಲಸ.

ಗಂಡ ತೀರಿಕೊಂಡ, ಬೀಡಿ ಕಟ್ಟಿ ಎರಡು ಮಕ್ಕಳನ್ನು ಸಾಕುವ ಹೆಂಗಸೊಬ್ಬಳು ಇದ್ದಾಳೆ ಎನ್ನಿ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅಂಥ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶವಿದೆ. ಮಗುವನ್ನು ಹಾಸ್ಟೆಲಿಗೋ ಅನಾಥಾಲಯಕ್ಕೋ ನೂಕದೆ ತಾಯಿಯ ಹತ್ತಿರವೇ ಉಳಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇಷ್ಟು ಹೇಳುವುದು ಸುಲಭ. ಈಗ ಕಾಗದ ಜೋಡಿಸಿ ನೋಡಿ. ಗಂಡನ ಮರಣ ಪ್ರಮಾಣಪತ್ರ ಬೇಕು; ಅವನು ಸತ್ತದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ, ಪತ್ರ ತೆಗೆಸಿದವರಿಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ ಮಂಜುನಾಥ, ಆಧಾರಿನಲ್ಲಿ ಮಂಜುನಾಥ ಎಂ., ರೇಷನ್ ಕಾರ್ಡಿನಲ್ಲಿ ಬರೀ ಮಂಜ. ತಿದ್ದಿಸಲು ಹೋದರೆ ಸರ್ವರ್ ಇಲ್ಲ. ಸರ್ವರ್ ಬಂದ ದಿನ ತಾಯಿಯ ಬೆರಳಚ್ಚು ಹೊಂದುವುದಿಲ್ಲ. ವರ್ಷಗಟ್ಟಲೆ ಎಲೆ ಕತ್ತರಿಸಿ, ಸುತ್ತಿ, ದಾರ ಬಿಗಿದ ಬೆರಳು ಸವೆದಿದೆ. ಒಂದು ಸಲ ಕಚೇರಿಗೆ ಹೋಗಿಬರುವುದೆಂದರೆ ಅವಳಿಗೆ ಒಂದು ದಿನದ ಬೀಡಿ ಇಲ್ಲ. ಎರಡು ಸಲ ಸುಮ್ಮನೆ ವಾಪಸು ಬಂದವಳು ಮೂರನೆಯ ಸಲ ಹೊರಡುವುದಿಲ್ಲ.

ಇಲ್ಲಿ ಆ ಇಪ್ಪತ್ತೆರಡರ ಹುಡುಗಿ ಚಿನ್ನದಂಥ ಕೆಲಸ ಮಾಡಬಲ್ಲಳು. ಅವಳಿಗೆ ಕೂಲಿ ತಪ್ಪುವ ಭಯವಿಲ್ಲ, ಫಾರಂ ಓದಲು ಬರುತ್ತದೆ, ಫೋನಿನಲ್ಲಿ ಅರ್ಜಿಯ ಸ್ಥಿತಿ ನೋಡಲು ಬರುತ್ತದೆ, ಕಿಟಕಿಯ ಆಚೆಯವರು ಗದರಿದರೆ ಯಾವ ದಾಖಲೆ ಕಡಿಮೆ ಇದೆ ಎಂದು ಬರೆದುಕೊಡಿ ಸಾರ್ ಎಂದು ಕೇಳುವ ಧೈರ್ಯವಿದೆ. ಒಂದು ಓಣಿಯಲ್ಲಿ ಇಂಥ ಹತ್ತು ಕಡತ ಪೂರ್ಣ ಮಾಡಿಟ್ಟು ಹೋದರೂ ಸಾಕು, ಆ ಬೇಸಿಗೆ ಹತ್ತು ವಿಬಿಎಸ್‌ಗೆ ಸಮ ಎಂದು ನಾನಂತೂ ಹೇಳುತ್ತೇನೆ. ಸಭೆಯ ಹಿರಿಯರು ಮುಖ ಸಿಂಡರಿಸಿದರೂ ಸರಿ.

ಎರಡನೆಯದು ಕಣ್ಣಿಟ್ಟು ನೋಡುವ ಕೆಲಸ. ದಿನವೂ ಓಣಿಗೆ ಹೋಗುವವಳಿಗೆ ಯಾರ ಮನೆಯಲ್ಲಿ ಮದುವೆ ಮಾತು ನಡೆದಿದೆ, ಯಾವ ಹುಡುಗ ನಾಲ್ಕು ದಿನದಿಂದ ಗ್ಯಾರೇಜಿಗೆ ಹೋಗುತ್ತಿದ್ದಾನೆ ಎಂಬುದು ಮಕ್ಕಳ ಬಾಯಿಂದಲೇ ತಿಳಿಯುತ್ತದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಹೆಸರು ಹೊರಗೆ ಬರಬೇಕಾಗಿಲ್ಲ. ಆದರೆ ತಾನೇ ಹೋಗಿ ಮದುವೆ ಮನೆಯಲ್ಲಿ ಭಾಷಣ ಬಿಗಿಯುವ ಇಂಟರ್ನ್ ಮರುದಿನದಿಂದ ಆ ಓಣಿಗೆ ಕಾಲಿಡಲಾರಳು. ತಿಳಿದದ್ದನ್ನು ಊರಿನಲ್ಲೇ ಇರುವ ಹಿರಿಯ ಕಾರ್ಯಕರ್ತೆಗೆ, ಅಂಗನವಾಡಿಯವರಿಗೆ ಮುಟ್ಟಿಸಿ ಹಿಂದೆ ಸರಿಯುವುದೂ ಕಲಿಯಬೇಕಾದ ವಿದ್ಯೆ.

ಮೂರನೆಯದಾಗಿ ಮಾಡಬಾರದ್ದೊಂದಿದೆ. ತೊಡೆಯ ಮೇಲೆ ಮಗು ಕೂರಿಸಿಕೊಂಡು ತೆಗೆದ ಸೆಲ್ಫಿ. ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಕಾನೂನು ಹಾಗಿರಲಿ, ತನ್ನ ಹರಿದ ಅಂಗಿಯ ಫೋಟೊ ಯಾರ ಸ್ಟೇಟಸ್ಸಿನಲ್ಲೋ ಇದೆ ಎಂದು ಆ ಹುಡುಗನಿಗೆ ಹದಿನೈದನೇ ವಯಸ್ಸಿನಲ್ಲಿ ತಿಳಿದರೆ ಏನನ್ನಿಸೀತು?

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ಮಕ್ಕಳು ಕಾದುಕೊಂಡಿರುವುದು ಒಂದೇ ದಿನಕ್ಕೆ: ದೇವರಾಯನದುರ್ಗಕ್ಕೆ ಹೋಗುವ ದಿನ. ತುಮಕೂರಿನಿಂದ ಹದಿನೈದು ಕಿಲೋಮೀಟರಿನ ದಾರಿ. ಬಸ್ಸಿನಲ್ಲೇ ಪಯಣ. ಮನೆಯಿಂದ ದಿನವೂ ಕಾಣುವ ಬೆಟ್ಟ; ಹತ್ತಿದವರು ಕಡಿಮೆ. ಮೊದಲ ನಿಲುಗಡೆ ನಾಮದ ಚಿಲುಮೆ. ವನವಾಸದಲ್ಲಿ ರಾಮ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಹೂಡಿದ, ಬಂಡೆಯಿಂದ ನೀರು ಚಿಮ್ಮಿತು ಎಂಬ ಕಥೆಯನ್ನು ಬೈಬಲ್ ಕಾಲೇಜಿನ ಅಣ್ಣನಿಗೆ ಹೇಳುವವರು ಮಕ್ಕಳೇ. ಅಣ್ಣನಿಗೆ ಮೋಶೆ ಕೋಲಿನಿಂದ ಬಂಡೆಗೆ ಹೊಡೆದು ನೀರು ತರಿಸಿದ ಕಥೆ ಗೊತ್ತು. ಎರಡೂ ಕಥೆ ಆದ ಮೇಲೆ ಯಾರ ಬಂಡೆಯ ನೀರು ಹೆಚ್ಚು ತಣ್ಣಗೆ ಎಂಬ ಜಗಳ ಶುರುವಾದರೆ ಬಿಡಿಸಲು ಚಿತ್ರಾನ್ನದ ಡಬ್ಬಿ ತೆರೆಯಬೇಕು. ತೆರೆದ ಕೂಡಲೇ ಕೋತಿಗಳು. ದುರ್ಗದ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದೇ ಊಟದ ಗಂಟೆ. ನೀರಿನ ಬಾಟಲಿ ಸಹಿತ ಕಿತ್ತುಕೊಂಡು ಹೋಗುತ್ತವೆ.

ಮೇಲೆ ಯೋಗ ನರಸಿಂಹ, ಕೆಳಗೆ ಭೋಗ ನರಸಿಂಹ. ಜಡಕ ಎಂಬ ಪಾಳೆಯಗಾರನ ಕೋಟೆಯನ್ನು ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದುರ್ಗಕ್ಕೆ ಈ ಹೆಸರು. ಸುಮಾರು 1,200 ಮೀಟರ್ ಎತ್ತರದ ಈ ಗುಡ್ಡದ ತಂಪಿಗೆ ಹಿಂದೆ ಜಿಲ್ಲೆಯ ಸಾಹೇಬರು ಬೇಸಿಗೆಯಲ್ಲಿ ಬಂದು ಬಂಗಲೆಯಲ್ಲಿ ಇರುತ್ತಿದ್ದರು. ಜಯಮಂಗಲಿ ಹುಟ್ಟುವುದೂ ಇಲ್ಲೇ. ಮೇಲಿನಿಂದ ನೋಡಿದರೆ ತುಮಕೂರು ಒಂದು ಹಿಡಿಯಷ್ಟು ಕಾಣುತ್ತದೆ. ಮಕ್ಕಳು ತಮ್ಮ ಓಣಿ ಹುಡುಕುತ್ತಾರೆ, ಸಿಗುವುದಿಲ್ಲ. ಬಡಮಕ್ಕಳ ಬೇಸಿಗೆಯಲ್ಲಿ ಇಂಥ ಒಂದು ದಿನ ಅನಗತ್ಯ ಖರ್ಚು ಎಂದು ಲೆಕ್ಕ ತಪಾಸಿಗರು ಗೆರೆ ಎಳೆಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ತಮ್ಮನನ್ನು ಹೊತ್ತು ತಿರುಗುವ ಐದನೇ ಕ್ಲಾಸಿನ ಹುಡುಗಿಗೆ ಇಡೀ ರಜೆಯಲ್ಲಿ ಸೊಂಟ ಖಾಲಿ ಇರುವ ದಿನ ಇದೊಂದೇ.

ಮೇ 29ರ ಹೊತ್ತಿಗೆ ಶಾಲೆ ತೆರೆಯುತ್ತದೆ, ಬಿಸಿಯೂಟದ ಒಲೆ ಹೊತ್ತುತ್ತದೆ, ಇಂಟರ್ನ್‌ಗಳು ವರದಿ ಟೈಪು ಮಾಡಿ ಬಸ್ಸು ಹತ್ತುತ್ತಾರೆ. ಬೇಸಿಗೆಯ ಕೆಲಸದ ನಿಜವಾದ ಪರೀಕ್ಷೆ ಆಮೇಲೆ. ಅರ್ಧಕ್ಕೆ ನಿಂತ ಕಡತ ಯಾರ ಕೈಯಲ್ಲಿದೆ? ಸಾಮಾನ್ಯವಾಗಿ ಅದು ಸಿಗುವುದು ಭಾನುವಾರ ಶಾಲೆ ನಡೆಸುವ, ವಾರದ ದಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುವ, ಯಾವ ಸರ್ಟಿಫಿಕೇಟಿನಲ್ಲೂ ಹೆಸರು ಬಾರದ ಸ್ಥಳೀಯ ಟೀಚರಮ್ಮನ ಬೀರುವಿನಲ್ಲಿ. ಬುದ್ಧಿವಂತ ಸಂಸ್ಥೆಗಳು ಹೊಸ ಇಂಟರ್ನನ್ನು ಮೊದಲ ದಿನವೇ ಆಕೆಯ ಮುಂದೆ ಕೂರಿಸುತ್ತವೆ. ಎಲ್ಲಿ ಹಾಗಾಗುವುದಿಲ್ಲವೋ ಅಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಅದೇ ಮನೆಗಳ ಅದೇ ಸಮೀಕ್ಷೆ. ‘ಹೋದ ವರ್ಷದ ಅಕ್ಕನೂ ಇದೇ ಬರ್ಕೊಂಡು ಹೋದ್ಲು, ನೀನೂ ಬರ್ಕೋ’ ಎಂದು ಹೆಂಗಸರು ಬೀಡಿ ಮೊರದಿಂದ ತಲೆ ಎತ್ತದೆಯೇ ಹೇಳುತ್ತಾರೆ.

ಮುಂದಿನ ಏಪ್ರಿಲ್‌ಗೆ ಬರುವ ಯೋಚನೆ ಇರುವವರು ಗಿಟಾರ್, ಬಣ್ಣದ ಪೆನ್ಸಿಲ್ ತರಬಹುದು, ಮಕ್ಕಳಿಗೆ ಖುಷಿಯೇ. ಜೊತೆಗೆ ಆದಾಯ ಪ್ರಮಾಣಪತ್ರಕ್ಕೆ ಏನೇನು ಬೇಕು ಎಂದು ಮೊದಲೇ ಓದಿಕೊಂಡು ಬರಲಿ. ಹಳೆಯ ಕಡತದ ಕೊನೆಯ ಹಾಳೆ ಎಲ್ಲಿ ನಿಂತಿದೆ ಎಂದು ಟೀಚರಮ್ಮನನ್ನು ಕೇಳಲಿ. ಜ್ಯಾಮಿಟ್ರಿ ಬಾಕ್ಸಿನಂಥ ಉಡುಗೊರೆ ತರುವುದಿದ್ದರೆ ಓಣಿಯ ಎಲ್ಲ ಮಕ್ಕಳಿಗೂ ಸಾಲುವಷ್ಟು ತರಲಿ. ಹತ್ತು ಕಡಿಮೆ ಬಿದ್ದರೆ ಆಗುವ ರಾದ್ಧಾಂತವನ್ನು ಅವರು ಹೋದ ಮೇಲೆ ಬಿಡಿಸಬೇಕಾದವಳು ಆಕೆಯೇ.